ಭೌತಚಿಕಿತ್ಸೆಯ ವಿದ್ಯಾರ್ಥಿಗಳೂ ವೃತ್ತಿಯ ಇಂಗ್ಲಿಷೂ

ವೈದ್ಯಕೀಯದ ಅನೇಕ ಶಾಖೆಗಳಲ್ಲಿ ಚಿಕಿತ್ಸೆಯ ಮರ್ಮವು ರೋಗಿಗೆ ತಿಳಿಯದಿದ್ದರೂ ಚಿಕಿತ್ಸೆ ನಡೆಯುತ್ತದೆ. ಶಸ್ತ್ರವೈದ್ಯರ ಮುಂದೆ ರೋಗಿಯು ಪ್ರಜ್ಞೆಯಿಲ್ಲದೆ ಮಲಗಿರುತ್ತಾನೆ. ಗುಳಿಗೆಯನ್ನು ನುಂಗಿದವನಿಗೆ ಅದರ ಹೆಸರು ಗೊತ್ತಿಲ್ಲದಿದ್ದರೂ ಗುಳಿಗೆಯು ತನ್ನ ಕೆಲಸವನ್ನು ಮಾಡುತ್ತದೆ. ಫಿಜಿಯೋಥೆರಪಿ ಎಂದು ನಾವೆಲ್ಲ ಕರೆಯುವ ಭೌತಚಿಕಿತ್ಸೆಯ ವಿಷಯ ಹಾಗಲ್ಲ. ಅಲ್ಲಿ ಔಷಧವೆಂದರೆ ಬಹುಮಟ್ಟಿಗೆ ರೋಗಿಯು ತಾನೇ ಮಾಡಬೇಕಾದ ಚಲನೆ. ಯಾವ ದಿಕ್ಕಿಗೆ, ಎಷ್ಟು ಸಲ, ಎಲ್ಲಿಯವರೆಗೆ, ಎಂಥ ನೋವು ಬಂದಾಗ ನಿಲ್ಲಿಸಬೇಕು ಎಂಬುದು ಅವನಿಗೆ ಅರ್ಥವಾಗದಿದ್ದರೆ ಔಷಧವು ಸೀಸೆಯಲ್ಲಿಯೇ ಉಳಿದಂತೆ. ಆದುದರಿಂದ ಈ ವಿದ್ಯೆಯನ್ನು ಕಲಿಯುವವರಿಗೆ ಭಾಷೆಯೂ ಚಿಕಿತ್ಸೆಯ ಉಪಕರಣಗಳಲ್ಲಿ ಒಂದೆಂದೇ ಭಾವಿಸಬೇಕು.

ವಾಣಿಜ್ಯಶಾಸ್ತ್ರದ ಪದವೀಧರನಾಗಿ ಬ್ಯಾಂಕಿನ ಕೆಲಸದಲ್ಲಿರುವ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದುದಕ್ಕೆ ಕಾರಣವಿದೆ. ಮಕ್ಕಳ ವ್ಯಾಸಂಗಕ್ಕಾಗಿ ಸಾಲ ಕೇಳಲು ಬರುವ ತಂದೆತಾಯಿಗಳಲ್ಲಿ ಈಚಿನ ವರ್ಷಗಳಲ್ಲಿ ಭೌತಚಿಕಿತ್ಸೆಯ ಪದವಿಯ ಮಾತನ್ನೆತ್ತುವವರು ಹಲವರು. ಬಡ್ಡಿಯ ದರವೆಷ್ಟು ಎಂಬುದು ಅವರ ಮೊದಲ ಪ್ರಶ್ನೆ. ನಮ್ಮ ಹುಡುಗಿ ಕನ್ನಡದಲ್ಲಿ ಓದಿದವಳು, ಆ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ನಿಭಾಯಿಸಬಲ್ಲಳೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರವು ನಮ್ಮ ಕೋಷ್ಟಕದಲ್ಲಿದೆ. ಎರಡನೆಯದಕ್ಕೆ ಉತ್ತರ ಹುಡುಕುತ್ತ ನಾನು ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಇಂಗ್ಲಿಷ್ ಬಂದ ಬಗೆ

ಭೌತಚಿಕಿತ್ಸೆಯು ಸಂಘಟಿತ ವೃತ್ತಿಯಾದುದು ಇಂಗ್ಲೆಂಡಿನಲ್ಲಿ 1894ರಲ್ಲಿ, ನಾಲ್ವರು ದಾದಿಯರು ಕೂಡಿ ಅಂಗಮರ್ದನ ಕಲಿತವರ ಸಂಘವೊಂದನ್ನು ಸ್ಥಾಪಿಸಿದಾಗ. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆಯು ಪೋಲಿಯೋ ಹಾವಳಿಯ ಹಿನ್ನೆಲೆಯಲ್ಲಿ 1953ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ತೆರೆಯಿತು. ಎರಡು ವರ್ಷಗಳ ಅನಂತರ, 1955ರಲ್ಲಿ, ಭಾರತೀಯ ಫಿಜಿಯೋಥೆರಪಿಸ್ಟರ ಸಂಘವು ಹುಟ್ಟಿತು. ಹೀಗೆ ಈ ವಿದ್ಯೆಯು ನಮ್ಮಲ್ಲಿಗೆ ಬರುವಾಗಲೇ ಇಂಗ್ಲಿಷಿನ ಉಡುಪನ್ನು ತೊಟ್ಟು ಬಂದಿತು. ಇಂದಿಗೂ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಾಗಲಿ, ತೆಲಂಗಾಣದ ಕಾಳೋಜಿ ನಾರಾಯಣರಾವ್ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದಲ್ಲಾಗಲಿ ಈ ಪದವಿಯ ಬೋಧನೆ ಮತ್ತು ಪರೀಕ್ಷೆ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ.

ದೇಶಭಾಷೆಯಲ್ಲಿ ವೈದ್ಯವಿದ್ಯೆಯನ್ನು ಬೋಧಿಸಲು ಸಾಧ್ಯವೇ ಇಲ್ಲವೆಂದು ಇದರ ಅರ್ಥವಲ್ಲ. ನಮ್ಮ ಹೈದರಾಬಾದೇ ಇದಕ್ಕೆ ಸಾಕ್ಷಿ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಬೋಧನಾ ಮಾಧ್ಯಮವಾಗಿ ಸ್ವೀಕರಿಸಿತು. ಅದಕ್ಕಾಗಿ 1917ರಲ್ಲಿಯೇ ಒಂದು ಅನುವಾದ ಸಂಸ್ಥೆಯು ಆರಂಭವಾಗಿ, ವಿಜ್ಞಾನದ ಪಾರಿಭಾಷಿಕ ಪದಗಳನ್ನು ರೂಪಿಸಿತು. ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸಿದರು. ಆ ಕಾಲದಲ್ಲಿ ಬೀದರ್, ಕಲಬುರಗಿ, ರಾಯಚೂರುಗಳ ಕನ್ನಡಿಗರೂ ನಿಜಾಮರ ಆಡಳಿತಕ್ಕೆ ಸೇರಿದವರಾಗಿದ್ದರೆಂಬುದು ವಾಚಕರಿಗೆ ತಿಳಿದೇ ಇದೆ. ಗಮನಾರ್ಹವಾದ ಸಂಗತಿಯೆಂದರೆ, ಅಲ್ಲಿಯೂ ಇಂಗ್ಲಿಷನ್ನು ಒಂದು ಭಾಷೆಯಾಗಿ ಎಲ್ಲರೂ ಕಡ್ಡಾಯವಾಗಿ ಕಲಿಯಬೇಕಾಗಿತ್ತು. 1948ರ ಅನಂತರ ಬೋಧನೆಯು ಇಂಗ್ಲಿಷಿಗೆ ತಿರುಗಿತು. ಜನರ ಭಾಷೆ ಮತ್ತು ಜಗತ್ತಿನ ಭಾಷೆ ಎರಡೂ ವೈದ್ಯನಿಗೆ ಬೇಕೆಂಬುದನ್ನು ಆ ಪ್ರಯೋಗವು ಆಗಲೇ ಮನಗಂಡಿತ್ತು.

ಕಠಿಣ ಪದಗಳು ನಮಗೆ ಪರಕೀಯವಲ್ಲ

ಮೊದಲ ವರ್ಷದ ವಿದ್ಯಾರ್ಥಿಗಳನ್ನು ಹೆದರಿಸುವುದು ಅಂಗರಚನಾಶಾಸ್ತ್ರದ ಪದಗಳು. ಆದರೆ ಇವುಗಳಲ್ಲಿ ಹೆಚ್ಚಿನವು ಗ್ರೀಕ್ ಅಥವಾ ಲ್ಯಾಟಿನ್ ಮೂಲದವು. ಕಾನ್ವೆಂಟಿನಲ್ಲಿ ಓದಿದ ಹುಡುಗನಿಗೂ ಅವು ಹೊಸವೇ. ಈ ಒಂದು ವಿಷಯದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಓಟವನ್ನು ಆರಂಭಿಸುತ್ತಾರೆ.

ಅಷ್ಟೇ ಅಲ್ಲ, ಸಂಸ್ಕೃತದ ಪರಿಚಯವುಳ್ಳ ಕನ್ನಡಿಗನಿಗೆ ಇಲ್ಲೊಂದು ಅನುಕೂಲವೂ ಇದೆ. ಗ್ರೀಕ್, ಲ್ಯಾಟಿನ್, ಸಂಸ್ಕೃತಗಳು ಒಂದೇ ಕುಟುಂಬದ ಭಾಷೆಗಳು. ಮೂಳೆಗೆ ಸಂಬಂಧಿಸಿದ ‘ಆಸ್ಟಿಯೋ’ ಎಂಬುದು ನಮ್ಮ ಅಸ್ಥಿಯ ಬಂಧು. ಮಂಡಿಯನ್ನು ಸೂಚಿಸುವ ‘ಜೆನು’ ಜಾನುವಿನ ಬಂಧು. ‘ಪೆಡ್’ ಎಂಬುದು ಪಾದದ ಮತ್ತು ‘ಡೆಂಟ್’ ಎಂಬುದು ದಂತದ ಬಂಧುಗಳು. ಹೆಚ್ಚೆಂಬ ಅರ್ಥದ ‘ಹೈಪರ್’ ನಮ್ಮ ಉಪರಿಗೂ, ಕಡಿಮೆಯೆಂಬ ಅರ್ಥದ ‘ಹೈಪೋ’ ನಮ್ಮ ಉಪಕ್ಕೂ ಹತ್ತಿರದವು. ಸ್ನಾಯುವನ್ನು ಸೂಚಿಸುವ ‘ಮಯೋ’ ಗ್ರೀಕಿನಲ್ಲಿ ಇಲಿಯ ಹೆಸರೂ ಹೌದು. ನಮ್ಮ ಮೂಷಕವು ಅದರ ದೂರದ ಸೋದರ. ತೋಳನ್ನು ಮಡಿಸಿದಾಗ ಚರ್ಮದಡಿಯಲ್ಲಿ ಓಡಾಡುವ ಸ್ನಾಯುವನ್ನು ಕಂಡು ಪ್ರಾಚೀನರಿಗೆ ಇಲಿಯ ನೆನಪಾಯಿತೆಂದು ಹೇಳುತ್ತಾರೆ. ಪಾರ್ಶ್ವವಾಯುವಿಗೆ ‘ಹೆಮಿಪ್ಲೀಜಿಯಾ’ ಎನ್ನುತ್ತಾರೆ. ‘ಹೆಮಿ’ ಎಂದರೆ ಅರ್ಧ, ‘ಪ್ಲೀಜಿಯಾ’ ಎಂಬುದರ ಮೂಲಾರ್ಥ ಹೊಡೆತ. ಲಕ್ವ ಹೊಡೆಯಿತು ಎಂದು ನಮ್ಮ ಹಳ್ಳಿಯವರು ಹೇಳುವುದೂ ಇದನ್ನೇ ಅಲ್ಲವೇ?

ಇಂತಹ ನೂರು ಬೇರುಗಳನ್ನು ಅರಿತರೆ ಸಾವಿರಾರು ಪದಗಳ ಬಾಗಿಲು ತೆರೆಯುತ್ತದೆ. ಉರು ಹೊಡೆಯುವುದಕ್ಕಿಂತ ಬೇರನ್ನು ಹಿಡಿಯುವುದು ಲೇಸು. ಆದರೆ ಎಚ್ಚರವೂ ಅಗತ್ಯ. ‘ಅಬ್ಡಕ್ಷನ್’ ಎಂದರೆ ಕೈಕಾಲುಗಳನ್ನು ದೇಹದ ನಡುಗೆರೆಯಿಂದ ದೂರ ಒಯ್ಯುವುದು, ‘ಅಡ್ಡಕ್ಷನ್’ ಎಂದರೆ ಹತ್ತಿರ ತರುವುದು. ಕಿವಿಗೆ ಎರಡೂ ಒಂದೇ ಬಗೆಯಾಗಿ ಕೇಳಿಸುತ್ತವೆ. ತೊಡೆಯ ಕೀಲನ್ನು ಹಿಂಬದಿಯಿಂದ ತೆರೆದು ಬದಲಿಸಿದ ರೋಗಿಗೆ, ಕೆಲವು ವಾರಗಳ ಕಾಲ ಕಾಲಿನ ಮೇಲೆ ಕಾಲನ್ನು ಹಾಕಬಾರದೆಂದು ಎಚ್ಚರಿಸುವುದು ವಾಡಿಕೆ. ಹಾಗೆ ಹಾಕಿದರೆ ಹೊಸ ಕೀಲು ಜಾರುವ ಅಪಾಯವುಂಟು. ಒಂದಕ್ಷರದ ಗೊಂದಲವು ಅಲ್ಲಿ ರೋಗಿಯನ್ನು ಮತ್ತೆ ಶಸ್ತ್ರಚಿಕಿತ್ಸೆಯ ಕೊಠಡಿಗೆ ಕಳುಹಿಸಬಲ್ಲದು. ಆದುದರಿಂದಲೇ ಅನೇಕ ಅಧ್ಯಾಪಕರು ಈ ಪದಗಳ ಮೊದಲೆರಡು ಅಕ್ಷರಗಳನ್ನು ‘ಎ, ಬಿ’ ಎಂದೂ ‘ಎ, ಡಿ’ ಎಂದೂ ಬಿಡಿಸಿ ಹೇಳುತ್ತಾರೆ.

ಪರಿಚಿತ ಪದ, ಅಪರಿಚಿತ ಅರ್ಥ

ಇನ್ನೊಂದು ತೊಡಕು ಸರಳ ಪದಗಳಿಂದ ಬರುತ್ತದೆ. ಬ್ಯಾಂಕಿನಲ್ಲಿ ‘ಬ್ಯಾಲೆನ್ಸ್’ ಎಂದರೆ ಖಾತೆಯ ಶಿಲ್ಕು. ಭೌತಚಿಕಿತ್ಸೆಯಲ್ಲಿ ಅದು ಬೀಳದೆ ನಿಲ್ಲುವ ಶಕ್ತಿ. ನಮಗೆ ‘ಟ್ರಾನ್ಸ್‌ಫರ್’ ಎಂದರೆ ಹಣದ ವರ್ಗಾವಣೆ. ಅವರಿಗೆ ರೋಗಿಯನ್ನು ಮಂಚದಿಂದ ಕುರ್ಚಿಗೆ ಸಾಗಿಸುವುದು. ‘ಎಕ್ಸ್‌ಟೆನ್ಷನ್’ ನಮ್ಮಲ್ಲಿ ಅವಧಿಯ ವಿಸ್ತರಣೆ. ಅವರಲ್ಲಿ ಮಡಿಸಿದ ಕೀಲನ್ನು ನೇರಗೊಳಿಸುವುದು. ‘ಟೆಂಡರ್’ ನಮಗೆ ಚಲಾವಣೆಯ ನಾಣ್ಯ. ಅವರಿಗೆ ಮುಟ್ಟಿದರೆ ನೋಯುವ ಜಾಗ. ‘ಲೆಗ್’ ಎಂದರೆ ಅಂಗರಚನಾಶಾಸ್ತ್ರದಲ್ಲಿ ಇಡೀ ಕಾಲಲ್ಲ, ಮಂಡಿಯಿಂದ ಹರಡಿನವರೆಗಿನ ಭಾಗ ಮಾತ್ರ. ‘ಆರ್ಮ್’ ಎಂದರೆ ಹೆಗಲಿನಿಂದ ಮೊಣಕೈವರೆಗೆ ಮಾತ್ರ. ಇಂಗ್ಲಿಷ್ ಬಲ್ಲೆನೆಂಬ ಧೈರ್ಯದಿಂದ ಬಂದವರೂ ಇಲ್ಲಿ ಎಡವುತ್ತಾರೆ. ನಿಘಂಟನ್ನು ತೆರೆಯುವ ವಿನಯವುಳ್ಳವರು ದಾಟುತ್ತಾರೆ.

ದಾಖಲೆಯ ಇಂಗ್ಲಿಷ್

ರೋಗಿಯ ದಾಖಲೆಯನ್ನು ಬರೆಯುವುದು ವಿದ್ಯಾರ್ಥಿಯ ನಿತ್ಯದ ಕೆಲಸ. ಇದಕ್ಕೆ ಅಲಂಕಾರದ ಇಂಗ್ಲಿಷ್ ಬೇಕಿಲ್ಲ. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ ಅವರು 1960ರ ದಶಕದಲ್ಲಿ ರೂಪಿಸಿದ ಕ್ರಮವು ಈಗ ಲೋಕವ್ಯಾಪಿಯಾಗಿದೆ. ರೋಗಿಯು ಹೇಳಿದ್ದು, ನಾವು ಅಳೆದು ಕಂಡದ್ದು, ನಮ್ಮ ತೀರ್ಮಾನ, ಮುಂದಿನ ಯೋಜನೆ ಎಂಬ ನಾಲ್ಕು ಭಾಗಗಳಲ್ಲಿ ಅದನ್ನು ಬರೆಯಬೇಕು. ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ಸೋಪ್’ ಎಂದು ಕರೆಯುತ್ತಾರೆ. ಮೆಟ್ಟಿಲು ಹತ್ತುವಾಗ ಬಲ ಮಂಡಿ ನೋಯುತ್ತದೆ ಎಂಬುದು ಮೊದಲ ಭಾಗಕ್ಕೆ, ಬಲ ಮಂಡಿಯು 90 ಡಿಗ್ರಿಯವರೆಗೆ ಮಾತ್ರ ಮಡಿಸುತ್ತದೆ ಎಂಬುದು ಎರಡನೆಯದಕ್ಕೆ ಸೇರತಕ್ಕದ್ದು. ರೋಗಿಯ ಮಾತನ್ನೂ ನಮ್ಮ ಅಳತೆಯನ್ನೂ ಬೆರೆಸಬಾರದು. ಗಿರಾಕಿಯು ಹೇಳಿದ ಮೊತ್ತವನ್ನೂ ನಾವು ಎಣಿಸಿದ ಮೊತ್ತವನ್ನೂ ಒಂದೇ ಎಂದು ಯಾವ ಗುಮಾಸ್ತನೂ ಬರೆಯಲಾರನಷ್ಟೆ.

ಅಳತೆಗೆ ಅಂಕಿಗಳಿರುವುದು ಇನ್ನೊಂದು ಸೌಕರ್ಯ. ಸ್ನಾಯುವಿನ ಬಲವನ್ನು 0ಯಿಂದ 5ರವರೆಗೆ ಗುರುತಿಸುತ್ತಾರೆ. ಸ್ನಾಯು ಸ್ವಲ್ಪವೂ ಮಿಡಿಯದಿದ್ದರೆ 0, ಭೂಮಿಯ ಸೆಳೆತವನ್ನು ಎದುರಿಸಿ ಅಂಗವನ್ನು ಎತ್ತಬಲ್ಲುದಾದರೆ 3, ಸಹಜ ಬಲವಿದ್ದರೆ 5. ಹೀಗೆ ಬರೆಯಲು ಐವತ್ತು ಅರವತ್ತು ಕ್ರಿಯಾಪದಗಳೂ ಸರಳ ವಾಕ್ಯರಚನೆಯೂ ಸಾಕು. ವ್ಯಾಕರಣದಲ್ಲಿ ಸಣ್ಣಪುಟ್ಟ ದೋಷವಿದ್ದರೆ ಓದುವವರು ಮನ್ನಿಸುತ್ತಾರೆ. ಎಡಕ್ಕೆ ಬಲವೆಂದು ಬರೆದರೆ ಮನ್ನಿಸಲಾಗದು.

ರೋಗಿಯ ಭಾಷೆಗೆ ಮರಳುವುದು

ಇಷ್ಟನ್ನು ಕಲಿತರೆ ಅರ್ಧ ದಾರಿ ಸಾಗಿದಂತೆ. ಉಳಿದರ್ಧವನ್ನು ತಿಳಿಯಲು ನಮ್ಮ ಪಟಾನ್‌ಚೆರುವಿನಿಂದಲೇ ಒಂದು ನಿದರ್ಶನವನ್ನು ಕೊಡಬಹುದು. 1972ರಲ್ಲಿ ಇಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಹಲವು ದೇಶಗಳ ವಿಜ್ಞಾನಿಗಳು ‘ಸೋರ್ಗಮ್’ ಎಂಬ ಬೆಳೆಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅದೇ ಬೆಳೆಯು ಬೀದರಿನ ರೈತನಿಗೆ ಜೋಳ, ಸಂಗಾರೆಡ್ಡಿಯ ರೈತನಿಗೆ ಜೊನ್ನ, ಹಿಂದಿ ಆಡುವವನಿಗೆ ಜ್ವಾರ್. ಸಂಶೋಧನೆಯು ಈ ಹೆಸರುಗಳಿಗೆ ಇಳಿದು ಬಂದಾಗಲೇ ಹೊಲಕ್ಕೆ ತಲುಪುತ್ತದೆ.

ಭೌತಚಿಕಿತ್ಸೆಗೂ ಇದೇ ಮಾತು ಅನ್ವಯಿಸುತ್ತದೆ. ಇಲ್ಲಿನ ಕಾರ್ಖಾನೆಗಳಲ್ಲಿ ಭಾರ ಎತ್ತಿ ಬೆನ್ನು ನೋಯಿಸಿಕೊಂಡ ಕಾರ್ಮಿಕನ ಭಾಷೆ ಕನ್ನಡ, ತೆಲುಗು, ಉರ್ದು, ಹಿಂದಿ ಯಾವುದಾದರೂ ಆಗಿರಬಹುದು. ಬೀದರಿನವನು ಟೊಂಕ ಬ್ಯಾನಿ ಎನ್ನುತ್ತಾನೆ, ತೆಲುಗಿನವನು ನಡುಮು ನೊಪ್ಪಿ ಎನ್ನುತ್ತಾನೆ, ಹಳೆಯ ನಗರದವನು ಕಮರ್ ಮೇ ದರ್ದ್ ಎನ್ನುತ್ತಾನೆ. ಸೊಂಟ ನೋವು ಎಂದು ನಾವು ಹೇಳುವಾಗ ಕೆಳಬೆನ್ನೂ ಇರಬಹುದು, ತೊಡೆಯ ಕೀಲೂ ಇರಬಹುದು; ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಹೆಸರುಗಳು, ಬೇರೆ ಬೇರೆ ಚಿಕಿತ್ಸೆಗಳು. ಕೈ ನೋವು ಎಂದರೆ ಹೆಗಲಿನಿಂದ ಬೆರಳ ತುದಿಯವರೆಗೆ ಎಲ್ಲಿಯಾದರೂ ಆಗಬಹುದು. ಕಾಲು ಜೋಮು ಹಿಡಿದಿದೆ ಎಂದಾಗ ಸ್ಪರ್ಶವೇ ತಿಳಿಯುತ್ತಿಲ್ಲವೇ, ಇರುವೆ ಹರಿದಂತೆ ಜುಮುಗುಟ್ಟುತ್ತಿದೆಯೇ ಎಂದು ಇನ್ನೊಂದು ಪ್ರಶ್ನೆ ಕೇಳಲೇಬೇಕು. ಇಂಗ್ಲಿಷ್ ಗ್ರಂಥವು ಇವೆರಡನ್ನೂ ಪ್ರತ್ಯೇಕವಾಗಿ ಎಣಿಸುತ್ತದೆ. ರೋಗಿಯ ಮಾತನ್ನು ಅರಿಯದೆ ಸರಿಯಾದ ಇಂಗ್ಲಿಷ್ ಪದವನ್ನು ಬರೆಯಲು ಸಾಧ್ಯವಿಲ್ಲ.

ಮರಳಿ ಹೇಳುವಾಗಲೂ ಹೀಗೆಯೇ. ಮುರಿದ ಕಾಲಿಗೆ ‘ನಾನ್ ವೈಟ್ ಬೇರಿಂಗ್’ ಎಂದು ಚೀಟಿಯಲ್ಲಿ ಬರೆದು ಕೊಟ್ಟರೆ ರೋಗಿಗೆ ತಿಳಿಯುವುದೇನು? ಆ ಕಾಲನ್ನು ನೆಲಕ್ಕೆ ಊರಲೇಬಾರದು, ಊರುಗೋಲಿನ ಮೇಲೆಯೇ ಭಾರ ಹಾಕಬೇಕು ಎಂದು ಅವನ ಭಾಷೆಯಲ್ಲಿ ಹೇಳಿ, ಅವನಿಂದಲೇ ಮಾಡಿಸಿ ನೋಡಬೇಕು. ಅರ್ಥವಾಯಿತೇ ಎಂದು ಕೇಳಿದರೆ ನಮ್ಮ ಜನ ಸಂಕೋಚದಿಂದ ಹೌದೆಂದು ತಲೆಯಾಡಿಸುತ್ತಾರೆ. ನಾನು ಹೇಳಿದ್ದನ್ನು ನೀವೊಮ್ಮೆ ಹೇಳಿ ಎಂದು ಕೇಳುವುದೇ ಸರಿಯಾದ ಕ್ರಮ.

ಹೊರದೇಶಕ್ಕೆ ಹೋಗಬಯಸುವವರಿಗೂ ಇದು ನಿಷ್ಪ್ರಯೋಜಕವಲ್ಲ. ಆರೋಗ್ಯ ವೃತ್ತಿಗಳವರಿಗಾಗಿ ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲಿ ರೂಪುಗೊಂಡ ‘ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್’ ಎಂಬ ಪರೀಕ್ಷೆಯಲ್ಲಿ ಭೌತಚಿಕಿತ್ಸಕರಿಗೆ ಪ್ರತ್ಯೇಕ ವಿಭಾಗವಿದೆ. ರೋಗಿಯ ವಿವರಗಳಿಂದ ಪತ್ರವೊಂದನ್ನು ಬರೆಯುವುದು ಅದರ ಒಂದು ಭಾಗ. ರೋಗಿಯ ಪಾತ್ರ ವಹಿಸಿದವರೊಡನೆ ತಿಳಿಯಾದ ಮಾತಿನಲ್ಲಿ ಸಂಭಾಷಿಸುವುದು ಇನ್ನೊಂದು. ದೊಡ್ಡ ಪದಗಳನ್ನು ಉದುರಿಸುವವರಿಗೆ ಅಲ್ಲಿಯೂ ಹೆಚ್ಚು ಅಂಕ ದೊರೆಯುವುದಿಲ್ಲ.

ಜೋಡಿ ನಮೂದಿನ ಪುಸ್ತಕ

ಅಭ್ಯಾಸಕ್ಕಾಗಿ ವಿದ್ಯಾರ್ಥಿಗಳಿಗೆ ನನ್ನದೊಂದು ಸೂಚನೆ. ಲೆಕ್ಕಶಾಸ್ತ್ರದಲ್ಲಿ ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ನಮೂದಿಸುತ್ತೇವೆ; ಒಂದು ಕಡೆ ಬಿಟ್ಟರೆ ತಾಳೆ ಬೀಳದು. ಅದರಂತೆ ಒಂದು ಪುಸ್ತಕದಲ್ಲಿ ನಾಲ್ಕು ಅಂಕಣಗಳನ್ನು ಮಾಡಿ. ಮೊದಲನೆಯದರಲ್ಲಿ ಗ್ರಂಥದ ಪದ, ಎರಡನೆಯದರಲ್ಲಿ ಅದರ ಬೇರು, ಮೂರನೆಯದರಲ್ಲಿ ಸರಳ ಇಂಗ್ಲಿಷಿನ ವಿವರಣೆ, ನಾಲ್ಕನೆಯದರಲ್ಲಿ ರೋಗಿಗಳು ಆಡುವ ಕನ್ನಡ, ತೆಲುಗು, ಉರ್ದು ಮಾತು. ದಿನಕ್ಕೆ ಐದು ಪದಗಳಾದರೆ ವರ್ಷಕ್ಕೆ ಸಾವಿರದ ಎಂಟುನೂರನ್ನು ಮೀರುತ್ತವೆ. ಹತ್ತು ನಿಮಿಷ ಗಟ್ಟಿಯಾಗಿ ಓದುವುದು, ವಾರಕ್ಕೊಮ್ಮೆ ಗೆಳೆಯನೊಬ್ಬನನ್ನು ರೋಗಿಯಾಗಿಸಿ ಮಾತನಾಡಿಸುವುದು ಇವುಗಳಿಗೆ ಖರ್ಚೇನೂ ಇಲ್ಲ. ಕನ್ನಡ ಪದಗಳಿಗಾಗಿ ಡಾ. ಡಿ. ಎಸ್. ಶಿವಪ್ಪ, ಕಲಬುರಗಿಯ ಡಾ. ಪಿ. ಎಸ್. ಶಂಕರ್ ಮೊದಲಾದವರ ವೈದ್ಯಸಾಹಿತ್ಯದ ಮೊರೆ ಹೋಗಬಹುದು.

ನಾಲ್ಕನೆಯ ಅಂಕಣವನ್ನು ತುಂಬಿಸುವಾಗ, ಕನ್ನಡದಲ್ಲಿ ಓದಿ ತೆಲುಗು ನಾಡಿನಲ್ಲಿ ಬೆಳೆದ ನಮ್ಮ ಮಕ್ಕಳು ಇತರರಿಗಿಂತ ಮುಂದಿರುತ್ತಾರೆಂಬುದನ್ನು ತಂದೆತಾಯಿಗಳು ಮರೆಯಬಾರದು. ಮೊದಲ ಮೂರು ಅಂಕಣಗಳನ್ನು ಪರಿಶ್ರಮದಿಂದ ಗಳಿಸಬಹುದು. ಆದುದರಿಂದ ಇಂಗ್ಲಿಷಿನ ಭಯದಿಂದ ಈ ವ್ಯಾಸಂಗವನ್ನು ಕೈಬಿಡುವ ಅಗತ್ಯವಿಲ್ಲವೆಂಬುದೇ ಆ ಎರಡನೆಯ ಪ್ರಶ್ನೆಗೆ ನನ್ನ ಉತ್ತರ. ನಮ್ಮ ಸಂಘದ ಹಿರಿಯ ಸದಸ್ಯರು ತಮ್ಮ ತಮ್ಮ ಊರಿನ ನೋವಿನ ಮಾತುಗಳನ್ನು ಬರೆದುಕೊಟ್ಟು, ವೈದ್ಯಮಿತ್ರರು ಅವನ್ನು ತಿದ್ದಿಕೊಟ್ಟರೆ, ಅಂತಹದೊಂದು ಚತುರ್ಭಾಷಾ ಕಿರುಹೊತ್ತಗೆಯನ್ನು ಸಂಘದ ವತಿಯಿಂದಲೇ ಸಿದ್ಧಪಡಿಸಿ ವಿದ್ಯಾರ್ಥಿಗಳ ಕೈಗಿಡಬಹುದು. ಕಾರ್ಯಕಾರಿ ಸಮಿತಿಯು ಈ ಸಲಹೆಯನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.