ಹೊಸ ಫ್ಲ್ಯಾಟಿಗೆ ಫ್ರಿಜ್, ಗೀಸರ್ ಕೊಳ್ಳುವ ಮುನ್ನ

ಚಾಳಿನ ಒಂದು ಕೋಣೆಯಿಂದ ಡೊಂಬಿವಲಿ, ಮೀರಾರೋಡ್, ವಸಾಯಿ ಕಡೆಯ ಸ್ವಂತ ಫ್ಲ್ಯಾಟಿಗೆ ಬರುವುದು ಮುಂಬಯಿಯ ಅನೇಕ ತುಳು-ಕನ್ನಡಿಗ ಕುಟುಂಬಗಳ ಬಹುಕಾಲದ ಕನಸು. ಗೃಹಪ್ರವೇಶದ ದಿನ ನಿಗದಿಯಾದೊಡನೆ ಫ್ರಿಜ್, ಟಿವಿ, ವಾಷಿಂಗ್ ಮೆಷಿನ್, ಗೀಸರ್ ಎಲ್ಲವನ್ನೂ ಒಟ್ಟಿಗೆ ಕಂತಿನಲ್ಲಿ ತರುವ ಆತುರ. ಮನೆ ಸಾಲದ ಕಂತಿನ ಜತೆ ಇದೂ ಸೇರಿದರೆ ಸಂಬಳ ಮೊದಲ ವಾರದಲ್ಲೇ ಕರಗುತ್ತದೆ.

ಫ್ರಿಜ್ ಕೊಳ್ಳುವ ಮೊದಲು ಅಡುಗೆ ಕೋಣೆಯ ಜಾಗ ಮಾತ್ರವಲ್ಲ, ಲಿಫ್ಟ್ ಮತ್ತು ಬಾಗಿಲಿನ ಅಗಲವನ್ನೂ ಅಳೆಯಬೇಕು. ಮೂರ್ನಾಲ್ಕು ಮಂದಿಗೆ 250 ಲೀಟರ್ ಆಸುಪಾಸಿನದು ಸಾಕು. ದಿನವಿಡೀ ಓಡುವ ಯಂತ್ರವಾದ್ದರಿಂದ ಸ್ಟಾರ್ ಮುಖ್ಯ. 2006ರಲ್ಲಿ ಆರಂಭವಾದ ಬಿಇಇ ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ಬೇಕೆಂದೂ ಬರೆದಿರುತ್ತದೆ. ಮಾನದಂಡ ಆಗಾಗ ಬಿಗಿಯಾಗುವುದರಿಂದ ಲೇಬಲ್ ಯಾವ ವರ್ಷದ್ದೆಂದು ನೋಡುವುದು ಒಳಿತು. ವಿದ್ಯುತ್ ಗೀಸರ್ ಮತ್ತು ಎಸಿಗೆ 16 ಆಂಪಿಯರ್ ಪಾಯಿಂಟ್ ಇದೆಯೇ, ಅರ್ಥಿಂಗ್ ಸರಿಯಿದೆಯೇ ಎಂದು ಇಲೆಕ್ಟ್ರಿಷಿಯನ್‌ರಿಂದ ತಪಾಸಣೆ ಮಾಡಿಸಿ.

ಕರೆಂಟ್ ಬಿಲ್ ಉಳಿಯುತ್ತದೆಂದು ಕೆಲವರು ಗ್ಯಾಸ್ ಗೀಸರನ್ನು ಬಾತ್‌ರೂಮಿನೊಳಗೇ ಹಾಕಿಸುತ್ತಾರೆ. ಗಾಳಿಯಾಡದ ಪುಟ್ಟ ಬಾತ್‌ರೂಮಿನಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಹೊರಬಾರದೇ ಹೋದ ದುರಂತಗಳು ಮುಂಬಯಿಯಲ್ಲೂ ನಡೆದಿವೆ. ಗ್ಯಾಸ್ ಗೀಸರ್ ಬೇಕೇ ಬೇಕೆಂದರೆ ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಕಡೆ ಇರಲಿ.

ಗೃಹಪ್ರವೇಶದಂದು ಹಾಲು ಉಕ್ಕಿಸಲು ಒಂದು ಒಲೆ ಸಾಕು. ಉಳಿದದ್ದು ಅನುಕೂಲ ನೋಡಿ ಒಂದೊಂದಾಗಿ ಬರಲಿ.