ರಾಗಿಗೆ ಯೂರಿಯಾ ಜಾಸ್ತಿಯಾದ್ರೆ ಬೆಂಕಿ ರೋಗ. ಅಕ್ಕಡಿ ಸಾಲು ಬಿಡಬೇಡಿ

ರಾಗಿ ಪೈರು ಒಂದು ತಿಂಗಳದ್ದಾಗಿ, ಒಂದು ಹದ ಮಳೆ ಬಿತ್ತು ಅಂದ್ರೆ ಸಾಕು, ಗೊಬ್ಬರದ ಅಂಗಡಿಗಳಲ್ಲಿ ಯೂರಿಯಾ ಕೇಳೋರು ಹೆಚ್ಚಾಗುತ್ತಾರೆ. ತುಮಕೂರು, ಕೋಲಾರ, ರಾಮನಗರ, ಹಾಸನ ಕಡೆ ಇದು ಮಾಮೂಲು. 45 ಕೆ.ಜಿ. ಮೂಟೆಗೆ 266 ರೂಪಾಯಿ 50 ಪೈಸೆ. ಬೇರೆ ಗೊಬ್ಬರಕ್ಕಿಂತ ಅಗ್ಗ ಅಂತ 'ಇನ್ನೊಂದು ಮೂಟೆ ಇರಲಿ' ಅನ್ನೋರೂ ಇದ್ದಾರೆ. ಆ ಇನ್ನೊಂದು ಮೂಟೆ ತೆನೆ ಬರುವ ಹೊತ್ತಿಗೆ ಬೆಳೆಗೇ ಮುಳುವಾಗಬಹುದು.

ಎಕರೆಗೆ ಎಷ್ಟು ಬೇಕು?

ಮಳೆಯಾಶ್ರಿತ ರಾಗಿಗೆ ಎಕರೆಗೆ ಸುಮಾರು 20 ಕೆ.ಜಿ. ಸಾರಜನಕ ಸಾಕು. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕ ಇರುವುದರಿಂದ ಒಂದೇ ಮೂಟೆಯಲ್ಲಿ ಇಷ್ಟೂ ಸಿಗುತ್ತದೆ. ಬಿತ್ತುವಾಗ 50 ಕೆ.ಜಿ. ಡಿಎಪಿ ಹಾಕಿದ್ದರೆ ಅದರಲ್ಲೇ 9 ಕೆ.ಜಿ. ಸಾರಜನಕ ಭೂಮಿಗೆ ಸೇರಿರುತ್ತದೆ. ಆಮೇಲೆ ಅರ್ಧ ಮೂಟೆ ಯೂರಿಯಾ ಸಾಕು.

ಹೆಚ್ಚಾದರೆ ಏನಾಗುತ್ತೆ?

ಪೈರು ಕಡು ಹಸಿರಾಗಿ ಸೊಂಪಾಗಿ ಕಾಣುತ್ತದೆ. ಆದರೆ ಎಲೆ ಮೆತ್ತಗಾಗುತ್ತದೆ, ಪೈರು ಒತ್ತೊತ್ತಾಗಿ ಬೆಳೆದು ಒಳಗೆ ಗಾಳಿಯಾಡುವುದಿಲ್ಲ, ತೇವ ಬೇಗ ಆರುವುದಿಲ್ಲ. ಮೋಡ, ಜಿಟಿಜಿಟಿ ಮಳೆ, ಇಬ್ಬನಿ ಸೇರಿದರೆ ಬೆಂಕಿ ರೋಗದ ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಮೊದಲು ಎಲೆ ಮೇಲೆ ಕಣ್ಣಿನ ಆಕಾರದ ಚುಕ್ಕೆ, ನಡುವೆ ಬೂದು ಬಣ್ಣ. ತೆನೆಯ ಕುತ್ತಿಗೆಗೆ ಬಂದರೆ ಅಲ್ಲಿ ಕಪ್ಪಾಗಿ, ಕಾಳು ಜೊಳ್ಳಾಗುತ್ತದೆ. ರೋಗ ಬಾರದಿದ್ದರೂ ಸೊಕ್ಕಿದ ಪೈರು ಗಾಳಿ ಮಳೆಗೆ ನೆಲಕ್ಕೆ ಮಲಗುತ್ತದೆ. ಕಾಳೂ ಹೋಯ್ತು, ದನದ ಮೇವೂ ಹಾಳು.

ಅಕ್ಕಡಿ ಸಾಲಿನ ಲಾಭ

8 ಸಾಲು ರಾಗಿಗೆ 2 ಸಾಲು ತೊಗರಿ, ಇಲ್ಲವೇ 1 ಸಾಲು ಅವರೆ. ರಾಗಿಯ ಬೆಂಕಿ ರೋಗ ತೊಗರಿ, ಅವರೆಗೆ ತಗುಲುವುದಿಲ್ಲ. ಗಾಳಿಯಲ್ಲಿ ಹಾರುವ ರೋಗದ ಕಣಗಳಿಗೆ ನಡುವೆ ಒಂದಿಷ್ಟು ತಡೆ ಬೀಳುತ್ತದೆ. ಚೀನಾದ ಯುನ್ನಾನ್‌ನಲ್ಲಿ ಬೆಂಕಿ ರೋಗಕ್ಕೆ ಬೇಗ ತುತ್ತಾಗುವ ಭತ್ತದ ತಳಿಯನ್ನು ರೋಗ ತಡೆಯುವ ತಳಿಯ ಸಾಲುಗಳ ನಡುವೆ ನಾಟಿ ಮಾಡಿದಾಗ ರೋಗದ ತೀವ್ರತೆ ಶೇ. 94ರಷ್ಟು ಇಳಿದಿತ್ತು ಎಂದು 2000ರಲ್ಲಿ ವರದಿಯಾಗಿದೆ. ಅದು ಭತ್ತದ ಲೆಕ್ಕ. ರಾಗಿಯಲ್ಲಿ ಅಷ್ಟೇ ಸಿಗುತ್ತೆ ಅಂತಲ್ಲ. ಆದರೆ ಹೊಲ ತುಂಬ ಒಂದೇ ಬೆಳೆ ಇದ್ದರೆ ರೋಗಕ್ಕೆ ದಾರಿ ಸಲೀಸು ಅನ್ನೋದು ಎರಡೂ ಕಡೆ ನಿಜ.

ತೊಗರಿ, ಅವರೆಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಇದರ ಹೆಚ್ಚಿನ ಲಾಭ ಈ ವರ್ಷದ ರಾಗಿಗಲ್ಲ, ಉದುರಿದ ಎಲೆ, ಬೇರು ಕೊಳೆತ ಮೇಲೆ ಮುಂದಿನ ಬೆಳೆಗೆ. ಯೂರಿಯಾ ಅತಿಯಾದರೆ ಈ ಗಂಟುಗಳ ಕೆಲಸವೂ ಕುಗ್ಗುತ್ತದೆ. ಅಂದರೆ ದುಡ್ಡು ಕೊಟ್ಟು ತಂದ ಗೊಬ್ಬರ ಪುಕ್ಕಟೆ ಗೊಬ್ಬರವನ್ನು ತಡೆದಂತೆ.

ಮಾಡಬೇಕಾದ್ದೇನು?

* ಸಾರಜನಕವನ್ನು ಒಂದೇ ಸಲ ಸುರಿಯಬೇಡಿ. ಅರ್ಧ ಬಿತ್ತುವಾಗ, ಉಳಿದರ್ಧ 30-35 ದಿನಕ್ಕೆ, ಭೂಮಿಯಲ್ಲಿ ತೇವ ಇದ್ದಾಗ.
* ಬೆಂಕಿ ರೋಗ ತಡೆದುಕೊಳ್ಳುವ ಜಿಪಿಯು-28ರಂಥ ತಳಿ ಆರಿಸಿಕೊಳ್ಳಿ.
* ಎಲೆಯಲ್ಲಿ ಚುಕ್ಕೆ ಕಂಡರೆ ಯೂರಿಯಾ ನಿಲ್ಲಿಸಿ, ಪೈರಿನ ಸಮೇತ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಿ.
* ಅಂಗಡಿಯವರು ಮೂಟೆ ಕೊಡುವ ಮುಂಚೆ 'ಎಷ್ಟು ಎಕರೆ? ಡಿಎಪಿ ಹಾಕಿದ್ದೀರಾ?' ಅಂತ ಎರಡು ಮಾತು ಕೇಳಿದರೆ ರೈತರಿಗೂ ಉಪಕಾರ. ಬೆಳೆ ಕೈಗೆ ಬಂದರೆ ತಾನೆ ಅಂಗಡಿಯ ಸಾಲವೂ ತೀರೋದು.