ಸುಟ್ಟ ಗಾಯಕ್ಕೆ ಹಚ್ಚುವ ಕೊಲಾಜೆನ್ ಪೊರೆ

"ಸಿಸ್ಟರ್, ಈ ಪ್ಲಾಸ್ಟಿಕ್ ಯಾವಾಗ ತೆಗೀತೀರಿ?" ಸುಟ್ಟ ಗಾಯದ ರೋಗಿಗಳ ಸಂಬಂಧಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ಗಾಯದ ಮೇಲೆ ಅಂಟಿಕೊಂಡಿರುವ ಆ ತೆಳು ಹಾಳೆ ಪ್ಲಾಸ್ಟಿಕ್ ಅಲ್ಲ, ಕೊಲಾಜೆನ್ ಪೊರೆ. ನಮ್ಮ ಚರ್ಮಕ್ಕೂ ಮೂಳೆಗೂ ಗಟ್ಟಿತನ ಕೊಡುವ ಪ್ರೋಟೀನೇ ಕೊಲಾಜೆನ್. ಆದ್ದರಿಂದ ಶರೀರವು ಇದನ್ನು ನಿಧಾನವಾಗಿ ಕರಗಿಸಿಕೊಳ್ಳಬಲ್ಲದು.

ಇದನ್ನು ಹೆಚ್ಚಾಗಿ ದನಗಳ ಚರ್ಮ ಅಥವಾ ಸ್ನಾಯುರಜ್ಜುವಿನಿಂದ, ಕೆಲವೊಮ್ಮೆ ಮೀನಿನಿಂದ ತಯಾರಿಸುತ್ತಾರೆ. ಕೂದಲು, ಕೊಬ್ಬು ತೆಗೆದು ಶುದ್ಧ ಮಾಡಿ, ಸೌಮ್ಯವಾದ ಅಸಿಟಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಗಂಜಿಯಂತಾದ ಆ ದ್ರವವನ್ನು ಸಮತಟ್ಟಾದ ತಟ್ಟೆಯಲ್ಲಿ ತೆಳ್ಳಗೆ ಹರವಿ ಒಣಗಿಸಿದರೆ ಪೊರೆ ಏಳುತ್ತದೆ; ಬೇಸಿಗೆಯಲ್ಲಿ ಸಂಡಿಗೆ ಹಾಕಿದವರಿಗೆ ಈ ಕೆಲಸ ಹೊಸದೇನಲ್ಲ. ಬೇಗನೆ ಕರಗಿ ಹೋಗದಂತೆ ಅದರ ಎಳೆಗಳನ್ನು ಒಂದಕ್ಕೊಂದು ಬೆಸೆದು, ಕೊನೆಗೆ ಕ್ರಿಮಿಶುದ್ಧ ಮಾಡುತ್ತಾರೆ. ಚಪ್ಪಲಿ, ಬೂಟುಗಳ ತೊಗಲಿನ ಸಂಶೋಧನೆಗೆಂದು 1948ರಲ್ಲಿ ಆರಂಭವಾದ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯೂ ಇಂತಹ ಪೊರೆಗಳ ಮೇಲೆ ಕೆಲಸ ಮಾಡಿದೆ.

ಇದು ಪ್ರಾಣಿಜನ್ಯ ಎಂಬುದನ್ನು ರೋಗಿಯಿಂದ ಮುಚ್ಚಿಡುವುದು ಸರಿಯಲ್ಲ. ನಿಮ್ಮ ಮನಸ್ಸು ಒಪ್ಪದಿದ್ದರೆ ಹಚ್ಚುವ ಮೊದಲೇ ವೈದ್ಯರಿಗೆ ತಿಳಿಸಿರಿ, ಸಂಕೋಚ ಬೇಡ. ಪ್ಯಾರಾಫಿನ್ ಜಾಳಿಗೆ ಬಟ್ಟೆ, ಕಡಲ ಪಾಚಿಯಿಂದ ತಯಾರಾದ ಡ್ರೆಸ್ಸಿಂಗ್ ಮುಂತಾದವುಗಳೂ ಇವೆ. ಮೀನಿನ ಅಲರ್ಜಿ ಇದ್ದವರಂತೂ ತಪ್ಪದೆ ಹೇಳಲೇಬೇಕು.

ಮೇಲ್ಪದರದ ಸುಟ್ಟ ಗಾಯಗಳಿಗೆ ಈ ಪೊರೆ ಬಹಳ ಅನುಕೂಲ. ತೆರೆದ ನರತುದಿಗಳು ಮುಚ್ಚುವುದರಿಂದ ಉರಿ, ನೋವು ಇಳಿಯುತ್ತವೆ. ದಿನಾ ಪಟ್ಟಿ ಬಿಚ್ಚಿ ಕಟ್ಟುವ ಹಿಂಸೆ ತಪ್ಪುತ್ತದೆ. ಡ್ರೆಸ್ಸಿಂಗ್ ಟ್ರೇ ಕಂಡೊಡನೆ ಅಳುವ ಮಕ್ಕಳಿಗೆ ಇದೇ ದೊಡ್ಡ ಉಪಕಾರ. ಆದರೆ ಚರ್ಮದ ಪೂರ್ತಿ ದಪ್ಪ ಸುಟ್ಟಿದ್ದರೆ ಇದೊಂದೇ ಸಾಲದು, ಚರ್ಮ ಕಸಿ ಬೇಕಾಗುತ್ತದೆ.

ಪೊರೆ ಒಣಗಿ ಗರಿಗರಿಯಾದಾಗ ಅಂಚು ಮೇಲೇಳುತ್ತದೆ. ತೊಂದರೆ ಆಗುವುದು ಇಲ್ಲಿಯೇ. ನೋಡಿದವರಿಗೆ ಕೈ ಸುಮ್ಮನಿರದೆ ಎಳೆದುಬಿಡುತ್ತಾರೆ. ಆಗ ಅಡಿಯಲ್ಲಿ ಬೆಳೆಯುತ್ತಿದ್ದ ಹೊಸ ಚರ್ಮವೂ ಕಿತ್ತುಬಂದು ರಕ್ತ ಒಸರುತ್ತದೆ, ಗಾಯ ಮತ್ತೆ ಹಿಂದಕ್ಕೆ ಹೋಗುತ್ತದೆ. ಎದ್ದ ಅಂಚನ್ನಷ್ಟೇ ಸಿಸ್ಟರ್ ಕತ್ತರಿಸುತ್ತಾರೆ. ಕೆಳಗಿನ ಗಾಯ ಮಾಗಿದ ಮೇಲೆ ಉಳಿದದ್ದು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಅಲ್ಲಿಯವರೆಗೆ ನೀರು ತಾಗಿಸಬೇಡಿರಿ. ಅರಿಸಿನ, ಎಣ್ಣೆ ಸವರಬೇಡಿರಿ.

ಪೊರೆಯಡಿ ಕೀವು ತುಂಬಿ ಉಬ್ಬಿದರೆ, ಕೆಟ್ಟ ವಾಸನೆ ಬಂದರೆ, ಸುತ್ತಲಿನ ಕೆಂಪು ಹರಡಿದರೆ ಅಥವಾ ಜ್ವರ ಬಂದರೆ ಮುಂದಿನ ತಾರೀಖಿಗೆ ಕಾಯಬೇಡಿರಿ. ಅದೇ ದಿನ, ರಾತ್ರಿಯಾದರೂ ಸರಿ, ರೋಗಿಯನ್ನು ಆಸ್ಪತ್ರೆಗೆ ಕರೆತನ್ನಿರಿ.